ಹುಣಸೆಹಣ್ಣು ಹಾಕಿ ಉಜ್ಜಿದ ಕಡಲ ಕಲ್ಲು

ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗದ ಕಲೆ ಇಲ್ಲ ಎಂದು ನಂಬಿ ಸಂಸಾರ ಮಾಡಿದವಳು ನಾನು. ದೀಪದ ಕಂಬ, ಹಿತ್ತಾಳೆ ಬಿಂದಿಗೆ, ತಾಮ್ರದ ಚೊಂಬು, ಎಲ್ಲಕ್ಕೂ ಅದೇ ಮದ್ದು. ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಮಗಳ ಮೀನಿನ ತೊಟ್ಟಿಯ ಕಲ್ಲುಗಳಿಗೂ ಅದನ್ನೇ ಹಾಕಿ ಉಜ್ಜಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಗಂಗಾನಗರದ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ಮೂರಡಿಯ ಗಾಜಿನ ತೊಟ್ಟಿ ಇದೆ. ಒಂಬತ್ತನೇ ತರಗತಿಯಲ್ಲಿ ಮಗಳು ಹಟ ಹಿಡಿದು, ಎರಡು ದಿನ ಊಟ ಬಿಟ್ಟು ಇಡಿಸಿಕೊಂಡದ್ದು. ಅದು ಉಪ್ಪುನೀರಿನ ತೊಟ್ಟಿ. ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಎರಡು ಮೀನು, ಒಂದಷ್ಟು ಕಡಲ ಕಲ್ಲು, ಅಷ್ಟೇ. ತಂದಾಗ ಕಲ್ಲುಗಳು ಬೆಳ್ಳಗೆ ಮೂಳೆಯ ಹಾಗಿದ್ದವು. ಒಂದು ವರ್ಷ ಕಳೆದ ಮೇಲೆ ಒಂದು ದಿನ ಅಡುಗೆಮನೆಯಿಂದ ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ, ಮೊಬೈಲಿನ ಟಾರ್ಚ್ ಬಿಟ್ಟು, "ನೋಡಮ್ಮ, ಬಂತು!" ಎಂದಳು. ಸಾಸಿವೆ ಕಾಳಿನಷ್ಟು ಒಂದು ನೇರಳೆ ಚುಕ್ಕೆ. ಅದು ಕಡಲಿನ ಪಾಚಿಯಂತೆ. ನಮ್ಮ ಬಚ್ಚಲಿನ ಪಾಚಿಯ ಹಾಗೆ ಜಾರುವುದಲ್ಲ, ಕಲ್ಲಿಗೆ ಅಂಟಿ ಕಲ್ಲಿನಷ್ಟೇ ಗಟ್ಟಿಯಾಗುತ್ತದಂತೆ. ಕೋರಲೈನ್ ಎನ್ನುತ್ತಾರೆ. ಅದು ಬಂತೆಂದರೆ ನೀರು ನಿಜವಾಗಿ ಸಮುದ್ರವಾಯಿತು ಎಂದು ಲೆಕ್ಕವಂತೆ. ನಾನು "ಯಾರೋ ಎಲೆಅಡಿಕೆ ಉಗಿದ ಹಾಗಿದೆ" ಎಂದೆ. ಅವಳು ನಕ್ಕಳು. ಆಮೇಲೆ ಎರಡು ವರ್ಷದಲ್ಲಿ ಕಲ್ಲೆಲ್ಲ ಗುಲಾಬಿ, ನೇರಳೆ ಬಣ್ಣ ಹೊದ್ದುಕೊಂಡವು.

ದಸರಾ ರಜೆಗೆ ಅವಳು ಸೋದರತ್ತೆ ಮನೆಗೆ ಹೋಗಿದ್ದಳು. ಆಯುಧಪೂಜೆ ಎಂದರೆ ನಮ್ಮಲ್ಲಿ ಮಿಕ್ಸಿ, ಗ್ಯಾಸ್ ಒಲೆ, ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಮಗಳ ತೊಟ್ಟಿಯನ್ನು ಬಿಟ್ಟರೆ ಪಾಪ ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ದೇವರಾಣೆ, ಪ್ರೀತಿಯಿಂದಲೇ ಮಾಡಿದ್ದು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನು ತೆಗೆದು, ನೆನೆಸಿದ ಹುಣಸೆಹಣ್ಣು ಬಳಿದು ತೆಂಗಿನ ನಾರಿನಲ್ಲಿ ತಿಕ್ಕಿದೆ. ಸಣ್ಣಗೆ ಚುಂಯ್ ಎಂದು ನೊರೆ ಬಂತು. ಕೊಳೆ ಬಿಡುತ್ತಿದೆ ಎಂದು ಖುಷಿಯಾಯಿತು. ತೊಳೆದು ತಾರಸಿಯ ಬಿಸಿಲಿಗೆ ಒಣಗಿಸಿ, ಮತ್ತೆ ಜೋಡಿಸಿ, ಗಾಜಿಗೆ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಹೂವನ್ನೂ ಇಟ್ಟೆ.

ಅವಳು ಬಂದಾಗ ಕಲ್ಲುಗಳು ಬೆಳ್ಳಗಿದ್ದವು, ನೀರು ಮಬ್ಬಾಗಿತ್ತು, ಒಂದು ಮೀನು ಸತ್ತು ತೇಲುತ್ತಿತ್ತು. ಬ್ಯಾಗು ಕೆಳಗಿಡದೆ ನಿಂತೇ ನೋಡಿದಳು.

"ಏನ್ ಮಾಡ್ದೆ ಅಮ್ಮ?"

ಆಗ ನಾನು ಒಳ್ಳೆಯ ಮಾತು ಆಡಬಹುದಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು ನಾನು. "ಹಬ್ಬಕ್ಕೆ ತೊಳ್ದೆ, ಏನೀಗ? ಕಲ್ಲು ತಾನೆ! ಬರೋ ಮಾರ್ಚಿಗೆ ಪರೀಕ್ಷೆ ಇದೆ, ಅಳೋದಾದ್ರೆ ಅದಕ್ಕೆ ಅಳು" ಎಂದುಬಿಟ್ಟೆ. ಅವಳು ಅತ್ತಿರಲೇ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ನನ್ನ ಹತ್ತಿರ ಮಾತು ನಿಂತಿತು. ಊಟ ಹಾಕಲಾ ಎಂದರೆ ಹೂಂ, ಸಾಕಾ ಎಂದರೆ ಹೂಂ. ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಪರೀಕ್ಷೆ ಮುಗಿದರೆ ಓದಲು ಕರಾವಳಿಯ ಹಾಸ್ಟೆಲಿಗೆ ಹೋಗುವವಳು. ಹೀಗೇ ಹೊರಟುಹೋದರೆ? ಗಂಡನ ಹತ್ತಿರ ಹೇಳಿಕೊಂಡರೆ "ಇಬ್ರೂ ಒಂದೇ ಅಚ್ಚು, ನಾನ್ ಮಧ್ಯ ಬರಲ್ಲ" ಎಂದು ಪೇಪರು ಅಡ್ಡ ಹಿಡಿದರು.

ಆ ಬಣ್ಣ ವಾಪಸ್ಸು ಬಂದರೆ ಮಗಳೂ ಬರುತ್ತಾಳೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಹುಚ್ಚು ಹಿಡಿದವಳ ಹಾಗೆ ಹಿಂದೆ ಬಿದ್ದೆ. ಆರ್.ಟಿ. ನಗರದಲ್ಲಿ ಅವಳು ಉಪ್ಪು ಕೊಳ್ಳುತ್ತಿದ್ದ ಮೀನಿನ ಅಂಗಡಿಯವನು ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡ. "ಆಂಟಿ, ಹುಣಸೆಹಣ್ಣಾ! ಅದು ಸುಣ್ಣ ತಿಂದು ಬೆಳೆಯೋದು ಆಂಟಿ, ಹುಳಿ ಬಿದ್ರೆ ಕರಗೋಗತ್ತೆ." ನೀರಿನಲ್ಲಿ ಸುಣ್ಣದ ಅಂಶ ಒಂದೇ ಸಮ ಇರಬೇಕು, ದೀಪ ತೀರಾ ಜೋರು ಬೇಡ, ಎಲ್ಲಕ್ಕಿಂತ ಮೊದಲು ಬೆಳೆದಿರುವವರ ತೊಟ್ಟಿಯಿಂದ ಸ್ವಲ್ಪ ಕೆರೆದು ತಂದು ಹಾಕಬೇಕು ಎಂದ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಎಂದು ನನಗೆ ಅರ್ಥವಾಯಿತು.

ತಿಂದು ಬೆಳೆಯುವುದು ಸುಣ್ಣವಾದರೆ ಹೆಚ್ಚು ಹಾಕಿದರೆ ಬೇಗ ಬೆಳೆದೀತು, ಅಲ್ಲವೇ? ಎಲೆಅಡಿಕೆಯ ಸುಣ್ಣವನ್ನು ಒಂದು ಚಮಚ ತುಂಬ ತೆಗೆದು ಹಾಗೆಯೇ ಕದಡಿಬಿಟ್ಟೆ. ತೊಟ್ಟಿ ಹಾಲಾಯಿತು. ಉಳಿದಿದ್ದ ಒಂದೇ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. "ಅಯ್ಯೋ ಶಿವನೇ, ಇದೂ ಹೋಯ್ತು" ಎಂದು ಕೂಗಿಕೊಂಡೆ. ಮಗಳು ರೂಮಿನಿಂದ ಓಡಿಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಪೈಪು ಹಾಕಿ ಅರ್ಧ ನೀರು ಹೀರಿ ತೆಗೆದು, ಕ್ಯಾನಿನ ನೀರಿಗೆ ಉಪ್ಪು ಕಲಸಿ ತುಂಬಿಸಿದಳು. ಮೀನು ಬದುಕಿತು. ಕೈ ಒರೆಸಿಕೊಂಡು ರೂಮಿಗೆ ಹೋದಳು. ಒಂದು ಸಲ ಬೈದಿದ್ದರೂ ಸಾಕಿತ್ತು.

ಹೆಪ್ಪು ಕೊಡುವವರೊಬ್ಬರು ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಇದ್ದಾರೆಂದು ಅಂಗಡಿಯವನೇ ಹೇಳಿದ. ಹಳೇ ಊರಿನ ಯಜಮಾನರು, ಜಮೀನಿದ್ದ ಕಡೆ ಕಟ್ಟಡ ಕಟ್ಟಿಸಿ, ಕೆಳಗಿನ ಒಂದು ಕೋಣೆಯ ತುಂಬ ಕಡಲು ಇಟ್ಟುಕೊಂಡವರು. ಬಸ್ಸು ಬದಲಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ನಾನು ತಲುಪುವಷ್ಟರಲ್ಲಿ ಅವರ ಮನೆಯಲ್ಲಿ ದೇವರ ದೀಪ ಹಚ್ಚಿ ಆಗಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಮೊಸರಿಗೆ ಹೆಪ್ಪು ಕೇಳೋ ಹಾಗೆ ಕೇಳ್ತಿದೀನಿ, ಒಂಚೂರು ಕೊಡಿ" ಎಂದೆ.

"ಎಪ್ಪಾ? ದೀಪ ಅಚ್ಚಿದ್ಮ್ಯಾಲೆ ಎಪ್ಪು ಕೊಡಾಕಿಲ್ಲ ಕಣಮ್ಮ ನಮ್ಮನೇಲಿ. ಬೆಳಿಗ್ಗೆ ಬನ್ನಿ."

"ಅದು ಮೊಸರಲ್ಲ, ಪಾಚಿ!"

"ನೀವೇ ತಾನೆ ಎಪ್ಪು ಅಂದಿದ್ದು?"

ಬೇರೆ ದಿನವಾಗಿದ್ದರೆ ಜಗಳ ಕಾಯುತ್ತಿದ್ದೆ. ಅಂದು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಯಜಮಾನರು ಗಾಬರಿಯಾಗಿ ಕಾಫಿ ಕೊಡಿಸಿದರು, ಪಾಚಿ ಮಾತ್ರ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಹೋದೆ. ತಮ್ಮ ತೊಟ್ಟಿಯ ಗಾಜಿನ ಮೇಲಿನದನ್ನು ಹಳೆಯ ಚಾಕುವಿನಲ್ಲಿ ಕೆರೆದು, ಬಾಟಲಿಗೆ ತುಂಬಿ ಕೈಗಿಟ್ಟರು. "ಪಂಪು ಆಫ್ ಮಾಡ್ಬುಟ್ಟು ಕಲ್ಲಿನ್ ಮ್ಯಾಲೆ ಉದುರ್ಸಿ. ಸುಣ್ಣದ ತಿಳಿ ಮಾತ್ರ ಆಕಿ, ದಿನಾ ಇಂಗೆ ಒಂದೊಂದೇ ತೊಟ್ಟು. ಆಮ್ಯಾಕೆ ಕೈ ಆಕ್ಬ್ಯಾಡಿ, ಸುಮ್ಕಿರಿ" ಎಂದರು. ಸುಮ್ಮನಿರುವುದು! ಹುಟ್ಟಿದಾಗಿನಿಂದ ಅದೊಂದು ವಿದ್ಯೆ ನನಗೆ ಬಂದಿರಲಿಲ್ಲ.

ಆದರೂ ಇದ್ದೆ. ಸಂಕ್ರಾಂತಿ ಕಳೆಯಿತು. ಮಧ್ಯಾಹ್ನ ಅವಳು ಕಾಲೇಜಿನಲ್ಲಿದ್ದಾಗ ನೆಲದ ಮೇಲೆ ಕೂತು, ಕನ್ನಡಕ ಹಾಕಿ, ಒಂದೊಂದು ಕಲ್ಲನ್ನೂ ಹುಡುಕುತ್ತಿದ್ದೆ. ಬಿಳಿ, ಬರೀ ಬಿಳಿ. ಅವಳ ಓದುವ ರಜೆ ಶುರುವಾಗುವ ವಾರ ಒಂದು ಕಲ್ಲಿನ ಬುಡದಲ್ಲಿ ಕೆಂಪು ನೇರಳೆಯ ಮಚ್ಚೆ ಕಾಣಿಸಿತು. ಗಟ್ಟಿಯಾಗಲಿ ಎಂದು ಹನ್ನೆರಡು ದಿನ ಯಾರಿಗೂ ಹೇಳದೆ ಕಾದೆ. ಅಂಗೈಯಷ್ಟಾದ ಮೇಲೆ ಅವಳ ರೂಮಿನ ಬಾಗಿಲು ತಟ್ಟಿದೆ. "ಒಂದೇ ಒಂದ್ಸಲ ಬಂದು ನೋಡೇ. ಬಂದಿದೆ ಕಣೇ, ನಾನೇ ಬರ್ಸಿದೀನಿ."

ಬಂದಳು. ಟಾರ್ಚ್ ಬಿಟ್ಟು ನೋಡಿದಳು. ಅಂಗಿಯ ತೋಳು ಮಡಚಿ ಕೈ ಒಳಗಿಟ್ಟು ಬೆರಳಿನಿಂದ ಸವರಿದಳು. ಮಚ್ಚೆ ಹಾಲಿನ ಕೆನೆಯ ಹಾಗೆ ಎದ್ದು ಬಂದು ನೀರಿನಲ್ಲಿ ಚೂರು ಚೂರಾಯಿತು. ಕೆಳಗೆ ಕಲ್ಲು ಬೆಳ್ಳಗೇ ಇತ್ತು.

"ಇದು ಅದಲ್ಲ" ಎಂದಳು. "ಲೋಳೆ. ನೀರು ಕೆಟ್ರೆ ಬರೋದು."

ನಾನು ಅಲ್ಲೇ ಕುಸಿದು ಕೂತೆ. "ಇನ್ನೇನ್ ಮಾಡ್ಲಿ ಹೇಳೇ? ಅಲೆದೂ ಅಲೆದೂ ಸಾಕಾಯ್ತು. ಯಾರ್ದೋ ಮನೆ ಬಾಗ್ಲಲ್ಲಿ ನಿಂತು ಅತ್ತು ತಂದೆ. ಎಷ್ಟ್ ತಿಂಗ್ಳಿಂದ ಈ ಕಲ್ಲಿಗೆ..."

"ಕಲ್ಲಿಗೆ!" ಅವಳ ದನಿ ನಡುಗಿತು. "ಕಲ್ಲಿಗೆ ಎಲ್ಲಾ ಮಾಡ್ದೆ. ನಂಗೆ ಒಂದ್ಸಲ, ಒಂದೇ ಒಂದ್ಸಲ ತಪ್ಪಾಯ್ತು ಅಂದ್ಯಾ?"

ಹಬ್ಬಕ್ಕೆ ತಾನೆ ತೊಳೆದದ್ದು, ನಿನಗಾಗಿಯೇ ತಾನೆ, ನನಗೇನು ಗೊತ್ತಿತ್ತು, ಎಲ್ಲ ಉತ್ತರಗಳೂ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತವು. ಒಂದೊಂದನ್ನೂ ನುಂಗಿದೆ. ಹೆತ್ತ ತಾಯಿಗೂ, ಕಟ್ಟಿಕೊಂಡ ಗಂಡನಿಗೂ ನಾನು ಆ ಮಾತನ್ನು ಹೇಳಿದವಳಲ್ಲ.

"ತಪ್ಪಾಯ್ತು ಕಣೇ" ಎಂದೆ. "ನಂದೇ ತಪ್ಪು."

ಅವಳು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು, ಮೂರು ವರ್ಷದ ಮಗು ಅಳುವ ಹಾಗೆ ಅಳುತ್ತ ನನ್ನ ಪಕ್ಕ ಕೂತಳು.

"ಇಷ್ಟು ಹೇಳೋಕೆ ಐದು ತಿಂಗಳು ಬೇಕಾಯ್ತಾ ಅಮ್ಮ ನಿಂಗೆ?"