ಊರಿಗೆ ಹೊರಟಾಗ ಬೈಕಿಗೆ ಮಾಡುವ ಕೆಲಸ

ಬಿಲ್ಡಿಂಗಿನ ಸೆಕ್ರೆಟರಿ ಮೂರನೆಯ ಸಲ ಬಂದು ಬಾಗಿಲು ತಟ್ಟಿದ. "ಭಾಭೀ, ವೋ ಗಾಡಿ ಭಂಗಾರ್ ಮೇ ದೇ ದೋ ನಾ." ಗುಜರಿಗೆ ಹಾಕಬೇಕಂತೆ! ನನ್ನ ಗಂಡ ಇಪ್ಪತ್ತಾರು ವರ್ಷ ಭಾಂಡುಪಿನಿಂದ ಮಾಟುಂಗದ ಹೋಟೆಲ್ ಕೆಲಸಕ್ಕೆ ಓಡಿಸಿದ ಬೈಕು ಅದು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಓಡುವ ಗಾಡಿಯನ್ನು ಯಾರು ಗುಜರಿ ಅನ್ನುತ್ತಾರೋ ನೋಡಿಯೇಬಿಡುವ ಎಂದು ಸಿಟ್ಟಿನಲ್ಲೇ ಮೆಕ್ಯಾನಿಕ್‌ನನ್ನು ಕರೆಸಿದೆ.

ಅವನು ವಿಜಯಪುರದ ಕಡೆಯವನು. ಕಿಕ್ ಹೊಡೆದೂ ಹೊಡೆದೂ ಬೆವರಿದ. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಬರುತ್ತಿತ್ತು.

"ಹಂಗಾದ್ರ ಕಾರ್ಬ್ಯುರೇಟರ್‌ದಾಗ ತ್ರಾಸ್ ಐತ್ರಿ ಅಕ್ಕಾರ. ನಿಂತ ಪೆಟ್ರೋಲು ಒಳಗ ಅಂಟಾಗಿ ತೂತೆಲ್ಲ ಕಟ್ಟಿರತಾವ."

"ಬಿಚ್ಚು ಮಾರಾಯ, ಎಷ್ಟು ಹೊತ್ತಾದರೂ ಆಗಲಿ" ಎಂದೆ.

ಅವನು ಬಿಚ್ಚುವಷ್ಟು ಹೊತ್ತು ಮೆಟ್ಟಿಲ ಮೇಲೆ ಕುಳಿತು ಆ ದಿನವನ್ನೇ ನೆನೆದೆ. ಬೆಳಿಗ್ಗೆ ಎದೆ ಉರಿ ಅಂದರು. "ಗ್ಯಾಸ್ ಮಾರಾಯ್ತಿ, ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿ ಸಂಜೆಯೊಳಗೆ ಬರುವ" ಅಂದರು. ರಿಕ್ಷಾ ಬಂದು ನಿಂತಿದ್ದರೂ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಏನೋ ಮಾಡುತ್ತಿದ್ದರು. "ಈಗ ಆ ದರಿದ್ರ ಬೈಕಿನ ಪೂಜೆ ಬೇಕಿತ್ತಾ?" ಎಂದು ಕೂಗಿದೆ. ನಗುತ್ತಾ ಬಂದು ಹತ್ತಿದರು. ಸಂಜೆಗೆ ಅವರು ಇರಲಿಲ್ಲ. ಏನೂ ಗೊತ್ತಾಗದೆ, ಹೆದರಿಕೆಯಿಲ್ಲದೆ ಹೋದರಲ್ಲ, ಈ ಎಂಟು ತಿಂಗಳು ನನ್ನ ಗಂಟಲಲ್ಲಿ ಅನ್ನ ಇಳಿದದ್ದು ಅದೊಂದೇ ಸಮಾಧಾನದಿಂದ.

"ಅಕ್ಕಾರ, ಇಲ್ಲಿ ನೋಡ್ರಿ." ಮೆಕ್ಯಾನಿಕ್ ಕಾರ್ಬ್ಯುರೇಟರಿನ ತಳದ ಬಟ್ಟಲನ್ನು ಹಿಡಿದು ತೋರಿಸಿದ. ಒಣಗಿ ಸ್ವಚ್ಛವಾಗಿತ್ತು. "ಒಂದು ಹನಿ ಇಲ್ರಿ. ಯಾರೋ ಶ್ಯಾಣ್ಯಾರು ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಕೆಳಗಿನ ಸ್ಕ್ರೂ ಬಿಚ್ಚಿ ಎಲ್ಲಾ ಹೊರಗ ಬಿಟ್ಟಾರ. ಗಾಡಿ ಭಾಳ ದಿನ ನಿಲ್ಲಸಾಕ ಹಿಂಗ ಮಾಡ್ತಾರ್ರಿ. ನಾನೂ ಹುಚ್ಚ, ಮೊದಲ ಟ್ಯಾಪ್ ನೋಡಲಿಲ್ಲ."

ನನಗೆ ಗೊತ್ತಿಲ್ಲವೇ? ಪ್ರತಿ ವರ್ಷ ಮೇಯಲ್ಲಿ ಒಂದು ತಿಂಗಳಿಗೆಂದು ನಮ್ಮೂರು ಉಡುಪಿಗೆ ಹೊರಡುವಾಗ ಅವರು ಮಾಡುತ್ತಿದ್ದ ಕೊನೆಯ ಕೆಲಸ ಅದು. "ನಿಮ್ಮ ಬೈಕಿಗೂ ಉಪವಾಸವಾ?" ಎಂದು ತಮಾಷೆ ಮಾಡುತ್ತಿದ್ದೆ. ಎರಡು ದಿನಕ್ಕೆ, ನಾಲ್ಕು ದಿನಕ್ಕೆಂದು ಒಮ್ಮೆಯೂ ಮಾಡಿದವರಲ್ಲ. ಅವರು ಹೋದ ಮೇಲೆ ಆ ಬೈಕನ್ನು ಯಾರಿಗೂ ಮುಟ್ಟಲು ನಾನು ಬಿಟ್ಟಿಲ್ಲ.

ಸಂಜೆ ಬರುವ ಮನುಷ್ಯ ಹಾಗೆ ಮಾಡುವುದಿಲ್ಲ. ಅವರಿಗೆ ಗೊತ್ತಿತ್ತು. ಅಯ್ಯೋ ದೇವರೇ, ಗೊತ್ತಿದ್ದೂ ನನ್ನೆದುರು ನಕ್ಕರು. ಹೆದರಿಕೆಯನ್ನೆಲ್ಲ ಒಬ್ಬರೇ ನುಂಗಿಕೊಂಡರು.

ಹೊಸ ಪೆಟ್ರೋಲು ಹಾಕಿ ಟ್ಯಾಪ್ ತೆರೆದ ಮೇಲೆ ಬೈಕು ಎರಡನೆಯ ಕಿಕ್ಕಿಗೇ ಶುರುವಾಯಿತು. ಸೆಕ್ರೆಟರಿ ಕಿಟಕಿಯಿಂದ ಇಣುಕಿದ. ಅವನಿಗೆ ಚೆನ್ನಾಗಿ ಬೈಯಬೇಕೆಂದಿದ್ದವಳು ಮತ್ತೆ ಮೆಟ್ಟಿಲ ಮೇಲೆ ಕುಳಿತೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳಲು ಬಟ್ಟೆ ಕೇಳಿದ. ಕೊಡಲು ಹತ್ತಿರ ಹೋದಾಗ ಅವನ ಬೆರಳಿನ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಆ ದಿನ ರಿಕ್ಷಾದಲ್ಲಿ ಅವರು ನನ್ನ ಕೈ ಹಿಡಿಯಲು ಬಂದಿದ್ದರು. "ಥೂ, ಪೆಟ್ರೋಲ್ ನಾತ, ಆಚೆ ತೆಗೀರಿ" ಎಂದು ನಾನು ತಳ್ಳಿಬಿಟ್ಟೆ. ಆಸ್ಪತ್ರೆ ಬರುವವರೆಗೂ ಅವರು ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.