ಕಂಬಳಿಯ ಮೇಲಿನ ಕೆಂಪು ಡ್ರ್ಯಾಗನ್

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಅಲ್ಲಿ ವಯಸ್ಸಾದ ಬಿಳಿಯ ಸಿಸ್ಟರ್ ಒಬ್ಬರಿದ್ದರು. ಬ್ರಿಟಿಷರ ಕಾಲದಲ್ಲಿ ಬಂದವರು, ಬ್ರಿಟಿಷರು ಹೋದ ಮೇಲೂ ಹೋಗಲಿಲ್ಲ. ಊರಿಗೂರೇ ಅವರನ್ನು ಇಂಗ್ಲಿಷ್ ದೊರಸಾನಿ ಅನ್ನುತ್ತಿತ್ತು. ಅವರು ಇಂಗ್ಲಿಷರಲ್ಲ. ವೇಲ್ಸ್ ಎಂಬ ನಾಡಿನವರು, ಅವರ ಭಾಷೆಯೇ ಬೇರೆ. ಇದನ್ನು ಹೇಳಿ ಹೇಳಿ ಸೋತಿದ್ದರು. ಬಿಳಿ ಚರ್ಮದವರೆಲ್ಲ ನಮಗೆ ಒಂದೇ. ನಮ್ಮನ್ನು ಯಾರಾದರೂ ಮದ್ರಾಸಿ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ ಒಂದನೇ ತಾರೀಖು ಅವರ ನಾಡಹಬ್ಬ. ಅವತ್ತು ಅವರ ಕಡೆಯ ಜನ ಲೀಕ್ ಎಂಬ ಈರುಳ್ಳಿ ಜಾತಿಯ ಉದ್ದನೆ ಗಿಡವನ್ನೋ, ಡ್ಯಾಫೊಡಿಲ್ ಎಂಬ ಹಳದಿ ಹೂವನ್ನೋ ಎದೆಗೆ ಸಿಕ್ಕಿಸಿಕೊಳ್ಳುತ್ತಾರಂತೆ. ಸಿಸ್ಟರ್ ಹೂವಿನ ಗಡ್ಡೆ ತರಿಸಿ ನೆಟ್ಟು ನೋಡಿದ್ದರು. ನಮ್ಮ ಬಿಸಿಲಿಗೆ ಅವು ಮಣ್ಣಿನಲ್ಲೇ ಬೆಂದುಹೋದವು. ಕೊನೆಗೆ ಸಂತೆಯ ಹಸಿ ಈರುಳ್ಳಿ ಗಿಡವನ್ನೂ ರಸ್ತೆ ಬದಿಯ ಹಳದಿ ತಂಗಡಿ ಹೂವನ್ನೂ ಪಿನ್ನು ಚುಚ್ಚಿ ಬಿಳಿ ಗೌನಿಗೆ ಹಾಕಿಕೊಂಡು ವಾರ್ಡು ಸುತ್ತುತ್ತಿದ್ದರು. ರೋಗಿಗಳು ಮುಸಿಮುಸಿ ನಗುತ್ತಿದ್ದರು. ಅವರಿಗೆ ಅದೂ ಗೊತ್ತಿತ್ತು.

ಒಂದು ಬೇಸಿಗೆ ಅವರು ಹಾಸಿಗೆ ಹಿಡಿದರು. ಮತ್ತೆ ಏಳುವುದಿಲ್ಲವೆಂದು ಅವರಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ತಮ್ಮ ಶವದ ಪೆಟ್ಟಿಗೆಗೆ ಹೊದಿಸಲೆಂದು ಇಟ್ಟುಕೊಂಡಿದ್ದ ತಮ್ಮ ನಾಡಿನ ಬಾವುಟವನ್ನು ಟ್ರಂಕಿನಿಂದ ತೆಗೆಸಿದರು. ಅರ್ಧ ಬಿಳಿ, ಅರ್ಧ ಹಸಿರು, ನಡುವೆ ಕೆಂಪು ಡ್ರ್ಯಾಗನ್. ಗೆದ್ದಲು ತಿಂದು ಪುಡಿಯಾಗಿತ್ತು. ಅದೇ ಚಿತ್ರವಿದ್ದ ಒಂದು ತಗಡಿನ ಡಬ್ಬಿಯ ಮುಚ್ಚಳವನ್ನು ನನ್ನ ಕೈಗಿಟ್ಟು, ನಿಮ್ಮಪ್ಪ ಕಂಬಳಿ ನೇಯುತ್ತಾರಲ್ಲ, ಇದನ್ನು ಮಾಡಿಕೊಡುತ್ತಾರಾ ಕೇಳು ಅಂದರು. ಸತ್ತ ಮೇಲಾದರೂ ತಾನು ಯಾರು ಅಂತ ಗೊತ್ತಾಗಬೇಕು, ಅಷ್ಟೇ ಅವರ ಆಸೆ.

ನಮ್ಮದು ಜವನಗೊಂಡನಹಳ್ಳಿ ಕಡೆಯ ಕುರಿಗಾರರ ಮನೆ. ನಮ್ಮ ಕಂಬಳಿಯ ಅಂಚಿಗೆ ಒಂದು ಕೆಂಪು ಎಳೆ ಬರುತ್ತದೆಯೇ ಹೊರತು ಚಿತ್ರಗಿತ್ರ ಇಲ್ಲ. ಅಪ್ಪ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ, ಉಡಕ್ಕೆ ರೆಕ್ಕೆ ಬಂದಂಗೈತೆ ಅಂದರು. ಆದರೂ ಒಪ್ಪಿಕೊಂಡರು. ಬಿಳಿ ಉಣ್ಣೆ ಆರಿಸಿ ನೇಯ್ದು, ಅರ್ಧಕ್ಕೆ ಹಸಿರು ಬಣ್ಣ ಹಾಕಿ, ಕೆಂಪು ಉಣ್ಣೆಯ ದಾರದಿಂದ ದಬ್ಬಳದಲ್ಲಿ ಚಿತ್ರ ಹೊಲಿದರು. ಮಡಿಸಿಕೊಂಡು ತಾವೇ ಬಸ್ಸು ಹತ್ತಿ ಬಂದರು. ನಾನು ಅದನ್ನು ಮೊದಲು ನೋಡಿದ್ದೂ ಸಿಸ್ಟರ್ ಹಾಸಿಗೆಯ ಮೇಲೆಯೇ.

ಅವರ ಕಣ್ಣು ಮಂಜಾಗಿತ್ತು, ಬೆರಳಿನಿಂದ ತಡವಿದರು. ರೆಕ್ಕೆ ಸಿಕ್ಕಿತು, ಬಾಲ ಸಿಕ್ಕಿತು, ಮುಖ ಅರಳಿತು. ಕಾಲಿನ ಹತ್ತಿರ ಬೆರಳು ನಿಂತಿತು. ಅಪ್ಪ ಉಗುರಿನ ಬದಲು ಕುರಿಯ ಗೊರಸು ಹೊಲಿದಿದ್ದರು. ಚಾಚಿದ ನಾಲಿಗೆ ಇರಲಿಲ್ಲ, ಹಲ್ಲಿರಲಿಲ್ಲ, ಬಾಯಿ ಮುಚ್ಚಿತ್ತು. ನಮ್ಮ ಮನೆಯಲ್ಲಿ ತೋಳವನ್ನು ಹೆಸರು ಹಿಡಿದು ಕೂಡ ಕರೆಯುತ್ತಿರಲಿಲ್ಲ, ಹಟ್ಟಿಗೆ ಬಂದುಬಿಡುತ್ತದೆ ಅಂತ. ಹರಿದು ತಿನ್ನುವ ಮೃಗವನ್ನು ಕುರಿಯ ಉಣ್ಣೆಯ ಮೇಲೆ ಕೂರಿಸಲು ಅಪ್ಪನಿಗೆ ಕೈ ಬರಲಿಲ್ಲ.

"ಇದು ಯಾರಿಗೂ ಕಚ್ಚಲ್ಲ ತಾಯಿ, ಸಾಧು ಐತೆ," ಎಂದು ಅಪ್ಪ ಹೆಮ್ಮೆಯಿಂದಲೇ ಹೇಳಿದರು.

ಸಿಸ್ಟರ್ ಆ ಮುಚ್ಚಿದ ಬಾಯಿಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು.

"ನಮ್ದು ಕಚ್ಚಬೇಕಿತ್ತು ಕಣಪ್ಪ."

ಬೈಗುಳವೇನೂ ಇರಲಿಲ್ಲ ಅದರಲ್ಲಿ. ಅಪ್ಪನ ಕೈ ಹಿಡಿದು, ನೇಯ್ಗೆ ಚೆನ್ನಾಗಿದೆ ಅಂತಲೂ ಹೇಳಿದರು. ಆಮೇಲೆ ಗೋಡೆಯ ಕಡೆ ಹೊರಳಿದವರು ನಮ್ಮ ಜೊತೆ ಕನ್ನಡ ಆಡಲಿಲ್ಲ, ಇಂಗ್ಲಿಷೂ ಆಡಲಿಲ್ಲ. ತಮ್ಮ ಭಾಷೆಯೊಂದರಲ್ಲೇ ಏನೇನೋ ಹೇಳುತ್ತಿದ್ದರು. ನೀರು ಕೇಳಿದರೋ, ಅವರ ಅವ್ವನನ್ನು ಕರೆದರೋ, ನಮಗೆ ಶಾಪ ಹಾಕಿದರೋ ಗೊತ್ತಾಗಲಿಲ್ಲ. ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಆ ಮಾತು ತಿಳಿದ ಒಂದು ನರಪಿಳ್ಳೆಯೂ ಇರಲಿಲ್ಲ. ಎಷ್ಟೋ ಸಾವು ನೋಡಿದ್ದೇನೆ, ಅಷ್ಟು ಒಂಟಿಯಾದದ್ದನ್ನು ನೋಡಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಯಾವ ಸಮಾಧಾನವೂ ಸಿಗುವುದಿಲ್ಲ.

ಮಣ್ಣಿನ ದಿನ ಆಸ್ಪತ್ರೆಯ ಹಿರಿಯರೊಬ್ಬರು ಹಳೆ ಬೀರುವಿನಿಂದ ಬ್ರಿಟಿಷರ ಬಾವುಟ ಯೂನಿಯನ್ ಜಾಕ್ ಹುಡುಕಿ ತಂದು ಪೆಟ್ಟಿಗೆಗೆ ಹೊದಿಸಿದರು. ಗೌರವಕ್ಕೇ ಹಾಗೆ ಮಾಡಿದ್ದು. ಇದರಲ್ಲಿ ಸಿಸ್ಟರ್ ನಾಡಿನದೊಂದು ಗೆರೆಯೂ ಇಲ್ಲ, ಅವರೇ ಹೇಳುತ್ತಿದ್ದರು ಎಂದು ನಾನು ಅಡ್ಡ ನಿಂತೆ. "ಎಲ್ಲಾ ಒಂದೇ ಅಲ್ವೇನಮ್ಮ, ಬಿಡು," ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಅಪ್ಪ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅದನ್ನು ಯಾರೂ ಕೇಳಲಿಲ್ಲ. ಪೆಟ್ಟಿಗೆ ಕೆಳಗಿಳಿಯಿತು. ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಹಲ್ಲು ಹೊಲಿದು ಕೊಡ್ತೀನವ್ವ. ಒಂಚೂರು ತಡೀರಿ ಅನ್ನು."

ಆಗಲೇ ಜನ ಮಣ್ಣು ಹಾಕುತ್ತಿದ್ದರು.