ಓಡಿಹೋಗುವ ಕ್ಯಾಪ್ಟನ್

ಶಿಕಾರಿಪುರದಲ್ಲಿ ನಮ್ಮ ಮನೆತನದ ಬಗ್ಗೆ ನಾಲ್ಕು ತಲೆಮಾರಿನಿಂದ ಯಾರೂ ಕೆಟ್ಟ ಮಾತಾಡಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಮಗಳನ್ನೂ ಅದೇ ಶಿಸ್ತಿನಲ್ಲಿ ಬೆಳೆಸಿದ್ದೇನೆ. ಅವಳೀಗ ಕಾಲೇಜಿನ ಕಬಡ್ಡಿ ತಂಡದ ಕ್ಯಾಪ್ಟನ್.

ಮೊನ್ನೆ ಸೊರಬದ ಬಸ್ಸಿನಲ್ಲಿ ಹಿಂದಿನ ಸೀಟಿನವರೊಬ್ಬರು, ಇನ್ನೂ ಶುರುವಾಗದ ಅಂತರ ಕಾಲೇಜು ಪಂದ್ಯಗಳನ್ನು ಯಾರು ಗೆಲ್ಲುತ್ತಾರೆಂದು ಗೆಳೆಯನಿಗೆ ಗಟ್ಟಿಯಾಗಿ ಭವಿಷ್ಯ ಹೇಳುತ್ತಿದ್ದರು.

"ಹುಡುಗರಲ್ಲಿ ಆನವಟ್ಟಿ. ಹುಡುಗಿಯರಲ್ಲಿ ಸೊರಬ, ಬರೆದಿಟ್ಕೋ. ಶಿಕಾರಿಪುರದ ಕ್ಯಾಪ್ಟನ್ ಇದಾಳಲ್ಲ, ಅವಳು ಓಡಿಹೋಗ್ತಾಳೆ."

ಬೆಳಿಗ್ಗೆಯಿಂದ ಮಗಳ ಫೋನ್ ಸ್ವಿಚ್ ಆಫ್ ಆಗಿತ್ತು. ಮತ್ತೆ ಮಾಡಿದೆ, ಹೋಗಲಿಲ್ಲ. ಕೊನೆಗೆ ತಿರುಗಿ ಕೇಳಿದೆ.

"ಯಾರ ಜೊತೆ?"

"ಒಬ್ಬಳೇ ರೀ! ಎದುರಾಳಿ ಮೈಮೇಲೆ ಬಂದ್ರೆ ಸಾಕು, ಪಾಯಿಂಟ್ ಇಲ್ದೆ ತನ್ನ ಗೆರೆಯೊಳಗೆ ಓಡಿಬರ್ತಾಳೆ."

"ಹಾಗಾದರೆ ಓಡಿಬರ್ತಾಳೆ ಅನ್ನಿ. ಓಡಿಹೋಗ್ತಾಳೆ ಅನ್ನಬೇಡಿ."

"ಅಯ್ಯೋ, ಎರಡೂ ಒಂದೇ ಅಲ್ವೇನಮ್ಮಾ?"

ಬಸ್ಸೆಲ್ಲ ನಕ್ಕಿತು.

ಸಂಜೆ ಮನೆಗೆ ಬಂದರೆ ಮಗಳು ಅಭ್ಯಾಸ ಮುಗಿಸಿ ಕಾಫಿ ಕುಡಿಯುತ್ತಿದ್ದಳು. ಫೋನಿಗೆ ಚಾರ್ಜ್ ಇರಲಿಲ್ಲವಂತೆ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಉಡುತಡಿಯಿಂದ ನಾದಿನಿಯ ಫೋನ್ ಬಂತು. ಬಸ್ಸಿನಲ್ಲಿದ್ದವರು ಯಾರೋ ಅವಳಿಗೆ ಸುದ್ದಿ ಮುಟ್ಟಿಸಿದ್ದರು.

"ಅತ್ತಿಗೆ, ಹುಡುಗಿ ಸಿಕ್ಕಿದ್ಲಾ?"

ಸೊರಬ ಗೆಲ್ಲಲಿ, ಬಿಡಲಿ. ಆ ಮನುಷ್ಯ ನನ್ನ ಮಗಳ ಕ್ಷಮೆ ಕೇಳಬೇಕು.